ಬಾಲಣ್ಣ: ಕೇಳಿಸದ ಕಿವಿ, ತಪ್ಪದ ಟೈಮಿಂಗ್

ಒಂದು ಸಣ್ಣ ಪ್ರಯೋಗ ಮಾಡಿ. ಹಳೇ ಕಪ್ಪುಬಿಳುಪು ಕನ್ನಡ ಸಿನಿಮಾದ ಯಾವುದಾದರೂ ಹಾಸ್ಯದ ದೃಶ್ಯ ಹಾಕಿಕೊಂಡು ಮೊಬೈಲನ್ನು ಮ್ಯೂಟ್ ಮಾಡಿ. ಮೂರು ಜನ ಮಾತಾಡುತ್ತಿದ್ದಾರೆ. ಯಾರ ಮಾತು ಯಾವಾಗ ಮುಗಿಯಿತು, ಮುಂದಿನವರು ಯಾವಾಗ ಶುರು ಮಾಡಬೇಕು ಅಂತ ಬರೀ ತುಟಿ ನೋಡಿ ಹೇಳಿ. ಅರ್ಧ ನಿಮಿಷದಲ್ಲಿ ಕೈಚೆಲ್ಲುತ್ತೀರಿ. ಈಗ ಆ ಮೂವರಲ್ಲಿ ಒಬ್ಬರ ಪಾಲಿಗೆ ಇಡೀ ಜಗತ್ತೇ ಹಾಗೆ ಮ್ಯೂಟ್ ಆಗಿತ್ತು ಅಂದುಕೊಳ್ಳಿ. ಅವರು 500ಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದರು. ನಮ್ಮ ಅಜ್ಜ ಅಜ್ಜಿಯರು ಅವರ ಮಾತಿನ ವರಸೆಗೇ ಬಿದ್ದು ಬಿದ್ದು ನಕ್ಕರು. ಆ ಮನುಷ್ಯನಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ಥಿಯೇಟರಿನಲ್ಲಿ ಕೂತ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ.

ಅವರೇ ಟಿ. ಎನ್. ಬಾಲಕೃಷ್ಣ. ಚಿತ್ರರಂಗಕ್ಕೂ ಪ್ರೇಕ್ಷಕರಿಗೂ ಪ್ರೀತಿಯ ಬಾಲಣ್ಣ.

ನಮ್ಮ ವಯಸ್ಸಿನವರಿಗೆ ಹಳೇ ಸಿನಿಮಾ ಅಂದರೆ ರಾಜ್‌ಕುಮಾರ್, ಹೆಚ್ಚೆಂದರೆ ನರಸಿಂಹರಾಜು. ಬಾಲಣ್ಣನ ಮುಖ ನೋಡಿದರೆ ಗುರುತು ಹಿಡಿಯುತ್ತೇವೆ, ಹೆಸರು ಕೇಳಿದರೆ ತಡವರಿಸುತ್ತೇವೆ. ಪೋಷಕ ನಟರ ಹಣೆಬರಹವೇ ಇದು. ಆದರೆ ಈ ಪೋಷಕ ನಟ ಪರದೆಯ ಮೇಲೆ ಕಥೆಗೆ ಹೆಗಲು ಕೊಟ್ಟರು, ಪರದೆಯ ಹಿಂದೆ ಒಂದು ಇಡೀ ಉದ್ಯಮಕ್ಕೆ ಹೆಗಲು ಕೊಡಲು ಹೋದರು. ಮೊದಲನೆಯದರಲ್ಲಿ ಗೆದ್ದರು. ಎರಡನೆಯದು ಅವರನ್ನು ಹಣ್ಣು ಮಾಡಿತು.

ಅರಸೀಕೆರೆಯಿಂದ ನಾಟಕ ಕಂಪನಿಗೆ

ಬಾಲಕೃಷ್ಣ ಹುಟ್ಟಿದ್ದು 1911ರ ನವೆಂಬರ್ 2ರಂದು, ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ಮನೆಯಲ್ಲಿ ಕಡುಬಡತನ. ಚಿಕ್ಕ ವಯಸ್ಸಿನಲ್ಲೇ ಶ್ರವಣಶಕ್ತಿ ಹೋಯಿತು. ಇವತ್ತಿನ ಹಾಗೆ ಹಿಯರಿಂಗ್ ಏಡ್ ಇಲ್ಲ, ವಿಶೇಷ ಶಾಲೆ ಕೈಗೆಟುಕುವುದಿಲ್ಲ. ಕಿವಿ ಕೇಳದ ಬಡ ಹುಡುಗ ಏನಾಗಬಹುದಿತ್ತು? ಕೂಲಿ ಕೆಲಸವೋ, ಯಾರದೋ ಅಂಗಡಿಯಲ್ಲಿ ಚಾಕರಿಯೋ ಅಂತ ಊರವರು ಲೆಕ್ಕ ಹಾಕಿರುತ್ತಾರೆ. ಮಾತೇ ಬಂಡವಾಳವಾದ ರಂಗಭೂಮಿಗೆ ಹೋಗುತ್ತಾನೆ ಅಂತ ಯಾರು ಊಹಿಸಿಯಾರು?

ಹುಡುಗ ಹೋಗಿದ್ದು ಅಲ್ಲಿಗೇ. ಆಗಿನ್ನೂ ವೃತ್ತಿ ನಾಟಕ ಕಂಪನಿಗಳ ಕಾಲ. ಟೆಂಟು, ಬಣ್ಣದ ಪರದೆ, ಹಾರ್ಮೋನಿಯಂ, ಗ್ಯಾಸ್ ಲೈಟು ಎಲ್ಲವನ್ನೂ ಹೊತ್ತುಕೊಂಡು ಊರೂರು ತಿರುಗುವ ಕಂಪನಿಗಳು. ಒಂದು ಊರಿನಲ್ಲಿ ಕಲೆಕ್ಷನ್ ಇರುವವರೆಗೆ ಕ್ಯಾಂಪು, ಆಮೇಲೆ ಮುಂದಿನ ಊರು. ನಾಟಕ ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೂ ನಡೆಯುವುದಿತ್ತು. ಅಂಥ ಕಂಪನಿಗಳಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಗುಬ್ಬಿ ಕಂಪನಿಯದು. 1884ರಲ್ಲಿ ಶುರುವಾಗಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದ ಆ ಕಂಪನಿ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ಕುರುಕ್ಷೇತ್ರ ನಾಟಕ ಆಡಿಸಿದ್ದು. ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಎಲ್ಲರೂ ಅಲ್ಲಿ ಪಳಗಿದವರು. ಬಾಲಕೃಷ್ಣ ಕೂಡ ಇದೇ ಕಂಪನಿ ಲೋಕದಲ್ಲಿ ಬೆಳೆದರು.

ಕಂಪನಿ ಅಂದರೆ ನಮ್ಮ ಕಾಲೇಜಿನ ಥರ ಡಿಪಾರ್ಟ್‌ಮೆಂಟು ಇರುವುದಿಲ್ಲ. ಇವತ್ತು ರಾಜನ ಪಾರ್ಟು, ನಾಳೆ ಸೇವಕ, ನಾಡಿದ್ದು ಪರದೆ ಎಳೆಯುವ ಕೆಲಸ. ಯಾರಾದರೂ ಜ್ವರ ಅಂತ ಮಲಗಿದರೆ ಅವರ ಪಾರ್ಟು ಇನ್ನೊಬ್ಬರ ತಲೆಗೆ. ಅದಕ್ಕೇ ಕಂಪನಿ ನಟರಿಗೆ ತಮ್ಮ ಪಾರ್ಟಿನ ಜೊತೆ ಎಲ್ಲರ ಪಾರ್ಟೂ ಬಾಯಿಪಾಠ ಆಗಿರುತ್ತಿತ್ತು. ಬೇರೆಯವರಿಗೆ ಇದು ಅಭ್ಯಾಸ, ಬಾಲಕೃಷ್ಣರಿಗೆ ಇದೇ ಉಸಿರು.

ಯಾಕೆ ಅಂತ ನೋಡಿ. ಮಾತು ಮರೆತ ನಟನಿಗೆ ಪರದೆಯ ಮರೆಯಿಂದ ಪ್ರಾಂಪ್ಟರ್ ಮೆಲ್ಲಗೆ ಹೇಳಿಕೊಡುತ್ತಾನೆ. ಬಾಲಕೃಷ್ಣರಿಗೆ ಆ ಪ್ರಾಂಪ್ಟರ್ ಇದ್ದೂ ಇಲ್ಲ. ಎದುರಿನ ನಟ ಮಾತು ಮುಗಿಸಿದ್ದು ಕಿವಿಗೆ ಬೀಳುವುದಿಲ್ಲ, ತುಟಿ ನೋಡಬೇಕು. ಆತ ಮುಖ ತಿರುಗಿಸಿದರೆ ಅದೂ ಕಾಣುವುದಿಲ್ಲ. ಆಗ ಉಳಿಯುವುದು ನೆನಪು ಮಾತ್ರ. ಎದುರಿನವರ ಸಂಭಾಷಣೆ ಎಷ್ಟು ಉದ್ದ, ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೈ ಎತ್ತುತ್ತಾರೆ ಅನ್ನುವುದೆಲ್ಲ ಮನಸ್ಸಿನಲ್ಲಿ ಅಚ್ಚಾಗಿರಬೇಕು. ಇಡೀ ದೃಶ್ಯವೇ ತಲೆಯೊಳಗೆ ಓಡುತ್ತಿರಬೇಕು.

ಇನ್ನೂ ಕಷ್ಟದ್ದು ಒಂದಿದೆ. ನಾವು ಮಾತಾಡುವಾಗ ನಮ್ಮ ದನಿಯನ್ನು ನಾವೇ ಕೇಳಿಸಿಕೊಂಡು ಏರಿಳಿತ ಸರಿಮಾಡಿಕೊಳ್ಳುತ್ತಿರುತ್ತೇವೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಫೀಡ್‌ಬ್ಯಾಕ್ ಲೂಪ್ ಅಂತ ತಕ್ಷಣ ಹೊಳೆಯುತ್ತದೆ. ಬಾಲಣ್ಣನದು ಕಿವಿಯ ಫೀಡ್‌ಬ್ಯಾಕ್ ಇಲ್ಲದ ವ್ಯವಸ್ಥೆ. ಆದರೂ ಆ ದನಿಯಲ್ಲಿ ವ್ಯಂಗ್ಯ, ಕೊಂಕು, ಮರುಕ, ರಾಗ ಎಳೆದು ಕೀಟಲೆ ಮಾಡುವುದು ಎಲ್ಲ ಇತ್ತು. ಅವರ ಲೂಪ್ ಬೇರೆ ಕಡೆ ಸುತ್ತಿ ಬರುತ್ತಿತ್ತು. ಜೊತೆಯ ನಟರ ಕಣ್ಣು, ಮುಂದಿನ ಸಾಲಿನ ಜನರ ಮುಖ, ನಗುವಾಗ ಕುಲುಕುವ ಭುಜ. ಜನ ನಗುವುದನ್ನು ಅವರು ಕಣ್ಣಿನಿಂದ ಕೇಳಿಸಿಕೊಂಡರು.

ಸಿನಿಮಾಗೆ ಬಂದಾಗ

1943ರಲ್ಲಿ ತೆರೆಕಂಡ ರಾಧಾರಮಣ ಬಾಲಕೃಷ್ಣರ ಮೊದಲ ಸಿನಿಮಾ. ನಟಿ ಎಂ. ವಿ. ರಾಜಮ್ಮ ತಾವೇ ನಿರ್ಮಾಪಕಿಯಾಗಿ ತಯಾರಿಸಿದ ಚಿತ್ರ ಅದು. ಜಿ. ವಿ. ಅಯ್ಯರ್ ಸಿನಿಮಾಗೆ ಬಂದದ್ದೂ ಅದರಿಂದಲೇ.

ಸಿನಿಮಾ ಅಂದರೆ ಎಷ್ಟು ಸಲ ಬೇಕಾದರೂ ತೆಗೆಯಬಹುದಲ್ಲ, ನಾಟಕಕ್ಕಿಂತ ಸುಲಭ ಅಲ್ಲವಾ ಅಂತ ಕೇಳಬಹುದು. ಆಗ ಹಾಗಿರಲಿಲ್ಲ. ಫಿಲ್ಮು ದುಬಾರಿ, ಒಂದೊಂದು ಟೇಕಿಗೂ ದುಡ್ಡಿನ ಲೆಕ್ಕ. ಈಗಿನ ಹಾಗೆ ಆಮೇಲೆ ಡಬ್ಬಿಂಗ್‌ನಲ್ಲಿ ಸರಿಮಾಡಿದರಾಯ್ತು ಅನ್ನುವುದು ರೂಢಿಗೆ ಬಂದಿರಲಿಲ್ಲ. ಮೈಕಿನ ಕೆಳಗೆ ನಿಂತು ಅಲ್ಲೇ ಮಾತಾಡಬೇಕು, ಅಲ್ಲೇ ರೆಕಾರ್ಡ್ ಆಗಬೇಕು. ಒಬ್ಬ ತಡವರಿಸಿದರೆ ಎಲ್ಲರ ಟೇಕೂ ಹಾಳು. ಮೇಲಾಗಿ ರಂಗದ ಮೇಲೆ ಕಥೆ ಮೊದಲಿಂದ ಕೊನೆಯವರೆಗೆ ಸಾಲಾಗಿ ನಡೆಯುತ್ತದೆ, ಸಿನಿಮಾದಲ್ಲಿ ತುಂಡು ತುಂಡು. ಕಿವಿ ಕೇಳದ ನಟ ಎಡವುವುದಕ್ಕೆ ಇಲ್ಲಿ ನೂರು ಜಾಗ.

ಅದಕ್ಕೇ ಬಾಲಣ್ಣ ಸೆಟ್ಟಿಗೆ ಬರುವ ಮುಂಚೆ ತಮ್ಮ ಮಾತಿನಷ್ಟೇ ಎದುರಿನವರ ಮಾತನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ವೈವಾ ಹಿಂದಿನ ರಾತ್ರಿ ಒಂದು ಸಲ ಪುಟ ತಿರುವಿ ಹೋಗುವ ನಮಗೆ ಈ ಶಿಸ್ತು ಸ್ವಲ್ಪ ಚುಚ್ಚಬೇಕು. ಅವರ ಪ್ರತಿಭೆ ದೊಡ್ಡದು ನಿಜ. ಆದರೆ ಆ ಪ್ರತಿಭೆಯ ಅಡಿಪಾಯ ತಯಾರಿ.

ನಾಲ್ವರು ಗೆಳೆಯರ ಪಣ

1950ರ ದಶಕದ ಕೊನೆಗೆ ಕನ್ನಡ ಸಿನಿಮಾ ಉಳಿಯುತ್ತದಾ ಅನ್ನುವ ಪರಿಸ್ಥಿತಿ ಬಂತು. ಕೆಲವು ವರ್ಷ ತಯಾರಾದ ಕನ್ನಡ ಚಿತ್ರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಂಡವಾಳ ಹಾಕುವವರಿಲ್ಲ. ಬೆಂಗಳೂರಿನ ಥಿಯೇಟರುಗಳಲ್ಲೇ ಪರಭಾಷೆಯ ಚಿತ್ರಗಳ ದರ್ಬಾರು. ಕನ್ನಡ ಚಿತ್ರದ ಚಿತ್ರೀಕರಣ, ರೆಕಾರ್ಡಿಂಗ್, ಲ್ಯಾಬ್ ಕೆಲಸ ಬಹುಪಾಲು ನಡೆಯುತ್ತಿದ್ದುದು ಮದರಾಸಿನಲ್ಲಿ. ನಟರೂ ಅಲ್ಲೇ ರೂಮು ಮಾಡಿಕೊಂಡು ಮುಂದಿನ ಚಿತ್ರಕ್ಕಾಗಿ ಕಾಯುತ್ತಿದ್ದರು. ಚಿತ್ರಗಳೇ ಇಲ್ಲದಿದ್ದರೆ ಕಾದು ಏನು ಮಾಡುವುದು?

ಆಗ ನಾಲ್ವರು ಒಟ್ಟಿಗೆ ಕೂತು ಯೋಚಿಸಿದರು: ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್, ಬಾಲಕೃಷ್ಣ. ಕನ್ನಡ ಚಲನಚಿತ್ರ ಕಲಾವಿದರ ಸಂಘ ಅಂತ ಕಟ್ಟಿಕೊಂಡು ಮತ್ತೆ ತಮ್ಮ ಹಳೇ ವಿದ್ಯೆಗೆ, ಅಂದರೆ ನಾಟಕಕ್ಕೆ ಇಳಿದರು. ಸಿನಿಮಾದಿಂದ ಹೆಸರಾದ ಬೇಡರ ಕಣ್ಣಪ್ಪನನ್ನೇ ರಂಗದ ಮೇಲೆ ಆಡುತ್ತಾ ಊರೂರು ಸುತ್ತಿದರು. ಪರದೆಯ ಮೇಲೆ ಕಂಡ ನಟರು ಕಣ್ಣೆದುರು ನಿಂತಿದ್ದಾರೆ ಅಂದರೆ ಜನ ಬಿಡುತ್ತಾರಾ? ಹೀಗೆ ಕೈಕೂಡಿಸಿ ತಯಾರಿಸಿದ ಸಿನಿಮಾ 1960ರ ರಣಧೀರ ಕಂಠೀರವ. ನಿರ್ದೇಶನ ಎನ್. ಸಿ. ರಾಜನ್ ಅವರದು. ಹದಿನೇಳನೇ ಶತಮಾನದಲ್ಲಿ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರ ಕಥೆ. ಕನ್ನಡ ನಾಡಿನ ರಾಜನ ಕಥೆಯನ್ನು ಕನ್ನಡದ ನಟರೇ ನಿರ್ಮಾಪಕರಾಗಿ ನಿಂತು ತೆರೆಗೆ ತಂದಿದ್ದರು. ಚಿತ್ರ ಗೆದ್ದಿತು.

ಈಗಿನ ಭಾಷೆಯಲ್ಲಿ ಹೇಳುವುದಾದರೆ ನಾಲ್ಕು ಜನರ ಸ್ಟಾರ್ಟಪ್ಪು. ಆದರೆ ಇನ್ವೆಸ್ಟರ್ ಇಲ್ಲ, ಪಿಚ್ ಡೆಕ್ ಇಲ್ಲ, ಸೋತರೆ ಮರಳಿ ಹೋಗಲು ಬೇರೆ ಕೆಲಸವೂ ಇಲ್ಲ. ಈ ನಾಲ್ವರಲ್ಲಿ ಒಬ್ಬರು ನಾಯಕ, ಉಳಿದ ಮೂವರು ಪಕ್ಕದಲ್ಲಿ ನಿಲ್ಲುವ ನಟರು ಅನ್ನುವುದನ್ನು ಗಮನಿಸಿ. ಸಿನಿಮಾ ಗೆದ್ದರೆ ಪೋಸ್ಟರಿನಲ್ಲಿ ಯಾರ ಮುಖ ದೊಡ್ಡದಾಗಿ ಇರುತ್ತದೆ ಅಂತ ಆ ಮೂವರಿಗೂ ಗೊತ್ತಿತ್ತು. ಆದರೂ ಹೆಗಲು ಕೊಟ್ಟರು.

ಎಷ್ಟು ಮುಖ, ಎಷ್ಟು ಬಣ್ಣ

ಅರವತ್ತು ಎಪ್ಪತ್ತರ ದಶಕಗಳಲ್ಲಿ ಬಾಲಣ್ಣ ಇಲ್ಲದ ಕನ್ನಡ ಸಿನಿಮಾ ಹುಡುಕುವುದೇ ಕಷ್ಟ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಈ ಮೂವರಿದ್ದರೆ ಹಂಚಿಕೆದಾರರಿಗೆ ನೆಮ್ಮದಿ. ನರಸಿಂಹರಾಜು ಪರದೆಗೆ ಬಂದರೆ ಜನ ಮೊದಲೇ ನಗಲು ತಯಾರಾಗಿ ಕೂರುತ್ತಿದ್ದರು. ಬಾಲಣ್ಣ ಬಂದರೆ ಹಾಗಲ್ಲ, ಈ ಮನುಷ್ಯ ಈ ಸಲ ಒಳ್ಳೆಯವನೋ ಕೆಟ್ಟವನೋ ಅಂತ ಮೊದಲು ನೋಡಬೇಕಿತ್ತು. ಮನೆ ಮುರಿಯುವ ಶಕುನಿ ಬುದ್ಧಿಯವನು, ಎರಡೂ ಕಡೆ ಚಾಡಿ ಹೇಳಿ ಮಜಾ ನೋಡುವವನು, ಜಿಪುಣ, ದಲ್ಲಾಳಿ, ಢೋಂಗಿ. ಇಲ್ಲವಾದರೆ ಅದೇ ಮುಖದಲ್ಲಿ ಮಮತೆಯ ಹಿರಿಯ. ಅವರ ಕೆಟ್ಟವನೂ ಕತ್ತಿ ಹಿಡಿದು ಬರುವ ಖಳನಾಯಕನಲ್ಲ, ನಮ್ಮ ಬೀದಿಯಲ್ಲೇ ಇರುವ ಕಿತಾಪತಿ ಮನುಷ್ಯ. ಬೈದುಕೊಳ್ಳುತ್ತಲೇ ನಗು ಬರುತ್ತದೆ.

1961ರ ಕಣ್ತೆರೆದು ನೋಡು ಚಿತ್ರದಲ್ಲಿ ರಾಜ್‌ಕುಮಾರ್ ಅಂಧ ಗಾಯಕನ ಪಾತ್ರ ಮಾಡಿದರು. ಅದರಲ್ಲಿ ಬಾಲಣ್ಣನೂ ಇದ್ದಾರೆ. ಕಣ್ಣಿರುವ ನಟ ಕಣ್ಣಿಲ್ಲದವನಾಗಿ ನಟಿಸುತ್ತಿದ್ದರೆ, ಕಿವಿ ಕೇಳದ ನಟ ಎಲ್ಲ ಕೇಳಿಸಿಕೊಳ್ಳುವವನಾಗಿ ನಟಿಸುತ್ತಿದ್ದಾರೆ. ಮೊದಲನೆಯದು ನಟನೆ ಅಂತ ಎಲ್ಲರಿಗೂ ಕಾಣುತ್ತದೆ, ಮೆಚ್ಚಿಕೊಳ್ಳುತ್ತಾರೆ. ಎರಡನೆಯದು ಕಾಣಿಸಲೇಬಾರದು, ಕಂಡರೆ ಸೋಲು. ಬಾಲಣ್ಣ ತಮ್ಮ ಇಡೀ ವೃತ್ತಿಬದುಕಿನಲ್ಲಿ ಮಾಡಿದ್ದು ಈ ಕಾಣಿಸದ ನಟನೆಯನ್ನು.

ಅವರ ಒಳ್ಳೆಯತನದ ಪಾತ್ರ ನೋಡಬೇಕೆಂದರೆ 1972ರ ಬಂಗಾರದ ಮನುಷ್ಯ ನೋಡಿ. ಟಿ. ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ಚಿತ್ರ. ಓದಿದ ಹುಡುಗ ರಾಜೀವ ಅಕ್ಕನ ಊರಿಗೆ ಬರುತ್ತಾನೆ, ಸಂಸಾರದ ಭಾರ ಹೊರುತ್ತಾನೆ, ಬಂಜರು ನೆಲದಲ್ಲಿ ಬೇಸಾಯ ಮಾಡುತ್ತೇನೆ ಅನ್ನುತ್ತಾನೆ. ಅವನ ಬೆನ್ನಿಗೆ ನಿಲ್ಲುವ ಊರ ಹಿರಿಯ ರಾಚೂಟಪ್ಪನ ಪಾತ್ರ ಬಾಲಣ್ಣನದು. ಜನರಿಗೆ ನೆನಪಿರುವುದು ರಾಜೀವ. ಆದರೆ ಕಥೆಯಿಂದ ರಾಚೂಟಪ್ಪನನ್ನು ತೆಗೆದುಬಿಡಿ, ರಾಜೀವನ ಹೊಲದಲ್ಲಿ ಬೆಳೆ ಬರುವುದಿಲ್ಲ. ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದ ಯುವಕರಿದ್ದರು ಅನ್ನುವುದು ಈಗ ದಂತಕಥೆಯಂತಾಗಿದೆ. ಅವರಿಗೆ ಧೈರ್ಯ ಕೊಟ್ಟಿದ್ದರಲ್ಲಿ ರಾಚೂಟಪ್ಪನ ಪಾಲೂ ಇದ್ದೇ ಇರಬೇಕು.

ಅಭಿಮಾನ್ ಸ್ಟುಡಿಯೋ

ಈಗ ಕಥೆಯ ಕಷ್ಟದ ಭಾಗಕ್ಕೆ ಬರೋಣ. ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ 1934ರಲ್ಲಿ ಬಂದಾಗ ಅದರ ಚಿತ್ರೀಕರಣ ನಡೆದಿದ್ದು ಕೊಲ್ಹಾಪುರದಲ್ಲಿ. ಆಮೇಲೆ ಮದರಾಸು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಬಂತು ನಿಜ, ಆದರೂ ಕನ್ನಡ ಚಿತ್ರಗಳ ಕೇಂದ್ರ ಮದರಾಸೇ ಆಗಿತ್ತು. ಕನ್ನಡ ಸಿನಿಮಾ ಕನ್ನಡ ನಾಡಿನಲ್ಲೇ ತಯಾರಾಗಬೇಕು ಅನ್ನುವ ಮಾತು ಅರವತ್ತರ ದಶಕದಲ್ಲಿ ಜೋರಾಯಿತು. 1966ರಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಶುರುವಾಯಿತು. ರಾಜ್ಯದಲ್ಲೇ ತಯಾರಾದ ಚಿತ್ರಗಳಿಗೆ ಸರ್ಕಾರ ಸಹಾಯಧನ ಕೊಡತೊಡಗಿತು.

ಬಾಲಣ್ಣನ ತಲೆಗೂ ಇದೇ ಹೊಕ್ಕಿತು. ಒಬ್ಬ ಪೋಷಕ ನಟ ತನ್ನ ಸಂಪಾದನೆ ನಂಬಿಕೊಂಡು ಸ್ಟುಡಿಯೋ ಕಟ್ಟಲು ಹೊರಟರು. ಬೆಂಗಳೂರಿನ ಹೊರವಲಯದ ಕೆಂಗೇರಿ ಬಳಿ, ಮೈಲಸಂದ್ರದಲ್ಲಿ ಸರ್ಕಾರ 20 ಎಕರೆ ಜಾಗ ಕೊಟ್ಟಿತು. ಸ್ಟುಡಿಯೋಗಾಗಿ ಮಾತ್ರ ಬಳಸಬೇಕು ಅನ್ನುವುದು ಷರತ್ತು. ಹೆಸರು ಅಭಿಮಾನ್. ಇವತ್ತು ಆ ಕಡೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುವವರಿಗೆ ನಂಬುವುದು ಕಷ್ಟ, ಆದರೆ ಆ ಕಾಲಕ್ಕೆ ಅದು ಊರಾಚೆ, ಬರೀ ಹಳ್ಳಿ ಹೊಲ ಕಾಡು.

ಸ್ಟುಡಿಯೋ ಅಂದರೆ ನಾಲ್ಕು ಗೋಡೆ ಒಂದು ಮಾಡು ಅಲ್ಲ ಅಂತ ಎಂಜಿನಿಯರಿಂಗ್ ಹುಡುಗರಿಗೆ ಹೇಳಬೇಕಿಲ್ಲ. ಒಳಗೆ ಕಂಬ ಬಾರದಂಥ ಅಗಲದ ಫ್ಲೋರು ಬೇಕು, ದೀಪಗಳನ್ನು ತೂಗುಹಾಕಲು ಎತ್ತರ ಬೇಕು, ಆ ದೀಪಗಳು ನುಂಗುವಷ್ಟು ಕರೆಂಟು ಬೇಕು, ಹೊರಗಿನ ಸದ್ದು ಒಳಗೆ ಬರಬಾರದು. ಆಮೇಲೆ ಕ್ಯಾಮೆರಾ, ರೆಕಾರ್ಡಿಂಗ್ ಯಂತ್ರ, ಮೇಕಪ್ ರೂಮು, ಕೆಲಸಗಾರರ ಸಂಬಳ. ಚಿತ್ರೀಕರಣ ಇರಲಿ ಬಿಡಲಿ ಖರ್ಚು ಮಾತ್ರ ತಿಂಗಳು ತಿಂಗಳು ಬರುತ್ತದೆ. ನಾಯಕ ನಟನ ಸಂಭಾವನೆ ಇದ್ದರೂ ಇದು ಸಾಹಸ, ಪೋಷಕ ನಟನ ಸಂಭಾವನೆಯಲ್ಲಿ ಇದು ತಪಸ್ಸು. ಒಂದು ಸಿನಿಮಾದಲ್ಲಿ ಬಂದದ್ದು ಒಂದು ಗೋಡೆಗೆ, ಇನ್ನೊಂದು ಸಿನಿಮಾದ್ದು ಸಾಲದ ಬಡ್ಡಿಗೆ. ಬಾಲಣ್ಣ ದುಡಿದದ್ದನ್ನೆಲ್ಲ ಅಲ್ಲಿ ಸುರಿದರು.

ಕಾಲವೂ ಕೈಕೊಟ್ಟಿತು. ಎಪ್ಪತ್ತರ ದಶಕದ ಹೊತ್ತಿಗೆ ಹಗುರವಾದ ಕ್ಯಾಮೆರಾಗಳು ಬಂದವು. ನಿರ್ದೇಶಕರು ಫ್ಲೋರು ಬಿಟ್ಟು ಬೆಟ್ಟ, ಕೋಟೆ, ಹಳ್ಳಿ, ನಿಜವಾದ ಮನೆಗಳ ಕಡೆ ಹೊರಟರು. ಬಂಗಾರದ ಮನುಷ್ಯನಂಥ ಚಿತ್ರಕ್ಕೆ ಬೇಕಾದದ್ದು ಹಸಿರು ಹೊಲ, ಬಣ್ಣ ಬಳಿದ ಪರದೆಯಲ್ಲ. ಕನ್ನಡ ಸಿನಿಮಾ ಕನ್ನಡ ನೆಲಕ್ಕೆ ಬರಬೇಕು ಅಂತ ಬಾಲಣ್ಣ ಬಯಸಿದ್ದರು, ಅದು ಬಂತು. ಆದರೆ ಸ್ಟುಡಿಯೋದ ಬಾಗಿಲಿಂದ ಬರಲಿಲ್ಲ, ಬಯಲಿನಿಂದ ಬಂತು. ತಾವು ನಟಿಸಿ ಗೆಲ್ಲಿಸಿದಂಥ ಚಿತ್ರಗಳೇ ಸ್ಟುಡಿಯೋಗಳ ಬೇಡಿಕೆಯನ್ನು ತಗ್ಗಿಸುತ್ತಿದ್ದವು.

ಅಭಿಮಾನ್ ಸ್ಟುಡಿಯೋ ಅವರು ಕನಸು ಕಂಡ ಎತ್ತರಕ್ಕೆ ಏರಲೇ ಇಲ್ಲ. ಸಾಲ, ಓಡಾಟ, ಅರ್ಜಿ, ಮತ್ತೆ ಸಾಲ ಹೀಗೇ ಆಯಿತು. ವಯಸ್ಸಾದ ಮೇಲೂ ಬಾಲಣ್ಣ ಬಣ್ಣ ಹಚ್ಚುವುದನ್ನು ಬಿಡಲಿಲ್ಲ. ಕಲೆಯ ಮೇಲಿನ ಪ್ರೀತಿ ಅಂತ ಹೇಳಿಬಿಡುವುದು ಸುಲಭ, ಪ್ರೀತಿ ಇತ್ತು ಕೂಡ. ಜೊತೆಗೆ ಸ್ಟುಡಿಯೋದ ಹೊರೆಯೂ ಬೆನ್ನ ಮೇಲಿತ್ತು. 1995ರ ಜುಲೈ 19ರಂದು ಅವರು ತೀರಿಕೊಂಡರು. ರಾಧಾರಮಣದಿಂದ ಲೆಕ್ಕ ಹಾಕಿದರೆ ಸಿನಿಮಾಗೆ ಕಾಲಿಟ್ಟು ಐದು ದಶಕ ದಾಟಿತ್ತು.

ಆ ಜಾಗದ ಹೆಸರು ನಮ್ಮ ತಲೆಮಾರಿಗೆ ಗೊತ್ತಾಗಿದ್ದು ಬೇರೆ ಕಾರಣಕ್ಕೆ. 2009ರ ಡಿಸೆಂಬರ್ ಕೊನೆಯಲ್ಲಿ ವಿಷ್ಣುವರ್ಧನ್ ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದಿದ್ದು ಅಲ್ಲಿ. ಆಮೇಲೆ ಸ್ಮಾರಕದ ವಿವಾದ, ಜಾಗದ ವ್ಯಾಜ್ಯ, 2025ರ ಆಗಸ್ಟಿನಲ್ಲಿ ಅಲ್ಲಿದ್ದ ಸಮಾಧಿಯ ತೆರವು, ಅಭಿಮಾನಿಗಳ ಆಕ್ರೋಶ ಎಲ್ಲ ಸುದ್ದಿಯಲ್ಲಿ ಓದಿದ್ದೇವೆ. ವಿಷ್ಣು ಅಭಿಮಾನಿಗಳ ನೋವು ನಿಜವಾದದ್ದು. ಆದರೆ ಅಷ್ಟೆಲ್ಲ ಸುದ್ದಿಯ ನಡುವೆ ಆ ಸ್ಟುಡಿಯೋವನ್ನು ಯಾರು, ಯಾಕೆ ಕಟ್ಟಲು ಹೊರಟಿದ್ದರು ಅನ್ನುವುದು ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು.

ಸೋಲು ಅನ್ನಬೇಕಾ?

ನಾಲ್ವರು ಗೆಳೆಯರಲ್ಲಿ ರಾಜ್‌ಕುಮಾರ್ ನಾಡಿನ ಮನೆಮಾತಾದರು. ಜಿ. ವಿ. ಅಯ್ಯರ್ ನಿರ್ದೇಶಕರಾಗಿ 1983ರಲ್ಲಿ ಆದಿ ಶಂಕರಾಚಾರ್ಯ ತೆಗೆದು ಸಂಸ್ಕೃತದ ಮೊದಲ ಚಲನಚಿತ್ರದ ಕೀರ್ತಿ ಪಡೆದರು. ನರಸಿಂಹರಾಜು 1979ರಲ್ಲಿ ಬೇಗನೇ ಹೋದರು, ಆದರೆ ಹಾಸ್ಯ ಅಂದರೆ ಇಂದಿಗೂ ಅವರ ಹೆಸರೇ ಮೊದಲು. ಬಾಲಣ್ಣನ ಖಾತೆಯಲ್ಲಿ ಮಾತ್ರ ಒಂದು ಅರೆಬರೆ ಸ್ಟುಡಿಯೋ, ಒಂದಷ್ಟು ಸಾಲ. ಪ್ರಾಜೆಕ್ಟ್ ರಿವ್ಯೂನಲ್ಲಿ ಕೂರಿಸಿದರೆ ಫೇಲ್ ಅಂತ ಬರೆಯುತ್ತಾರೇನೋ.

ನನಗೆ ಹಾಗನ್ನಿಸುವುದಿಲ್ಲ. ಸ್ಟುಡಿಯೋ ಲೆಕ್ಕದಲ್ಲಿ ಅವರು ಸೋತರು, ಅದನ್ನು ಮುಚ್ಚಿಟ್ಟು ಹೊಗಳಬೇಕಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು. ನಮ್ಮ ಭಾಷೆಯ ಕೆಲಸಕ್ಕೆ ಬೇಕಾದ ಸಲಕರಣೆ ನಮ್ಮ ಊರಿನಲ್ಲಿ ಯಾಕಿಲ್ಲ? ಈ ಪ್ರಶ್ನೆ ಸಿನಿಮಾಗೆ ಮಾತ್ರ ಸೇರಿದ್ದಲ್ಲ. ಕನ್ನಡದ ಕೀಬೋರ್ಡು, ಫಾಂಟು, ಮಾತನ್ನು ಬರಹ ಮಾಡುವ ತಂತ್ರಾಂಶ, ಇವುಗಳ ಬಗ್ಗೆ ನಮ್ಮ ಕ್ಲಬ್ಬಿನಲ್ಲಿ ನಾವು ಮಾಡುವ ಚರ್ಚೆಯೂ ಅದೇ ಪ್ರಶ್ನೆಯ ಮುಂದುವರಿಕೆ. ಮಾತನ್ನು ಬರಹ ಮಾಡುವ ತಂತ್ರಾಂಶ ಬಾಲಣ್ಣನಂಥವರಿಗೆ ಎಷ್ಟು ಉಪಕಾರಿ ಅಂತ ಒಂದು ಕ್ಷಣ ಯೋಚಿಸಿ. ಅವರಿಗೆ ಅದು ಯಾವುದೂ ಸಿಗಲಿಲ್ಲ. ಕಣ್ಣು, ನೆನಪು, ಹಠ ಇಷ್ಟರಲ್ಲೇ 500 ಸಿನಿಮಾ ದಾಟಿಸಿದರು.

ಈ ವೀಕೆಂಡಿಗೆ ಏನು ನೋಡಬೇಕು ಅಂತ ಹಾಸ್ಟೆಲಿನಲ್ಲಿ ಜಗಳ ಶುರುವಾದರೆ ಬಂಗಾರದ ಮನುಷ್ಯ ಹಾಕಿ. ರಾಚೂಟಪ್ಪ ಬಂದಾಗ ಅವರ ಬಾಯಿಯ ಬದಲು ಕಣ್ಣು ನೋಡಿ. ಎದುರಿನವರ ತುಟಿಯ ಮೇಲೆ ಆ ಕಣ್ಣು ಎಷ್ಟು ಹೊತ್ತು ನಿಂತಿರುತ್ತದೆ ಅಂತ ಗಮನಿಸಿ. ಆ ಪಾತ್ರಕ್ಕೆ ಅದು ಮಮತೆಯ ನೋಟವಾಗಿ ಒದಗುತ್ತದೆ. ಬಾಲಣ್ಣನಿಗೆ ಅದು ಕೇಳಿಸಿಕೊಳ್ಳುವ ದಾರಿ.